ನ್ಯೂಸ್‌ರೇಡಿಯೋ 5ನೇ ಸೀಸನ್ನೋ, ದಿ ಆಫೀಸ್ 9ನೇ ಸೀಸನ್ನೋ?

ಎರಡೂ ಅಮೆರಿಕದ ಎನ್‌ಬಿಸಿ ವಾಹಿನಿಯ ಕಚೇರಿ ಹಾಸ್ಯ ಧಾರಾವಾಹಿಗಳು. ಎರಡೂ ಜೀವಾಳದಂತಿದ್ದ ನಟ ಇಲ್ಲದೆಯೇ ಮುಗಿದವು. ಆದರೆ ದಿ ಆಫೀಸ್‌ನ ಸ್ಟೀವ್ ಕರೆಲ್ 2011ರಲ್ಲಿ ಧಾರಾವಾಹಿ ಬಿಟ್ಟುಹೋದರು, ಅಷ್ಟೆ; ನ್ಯೂಸ್‌ರೇಡಿಯೋದ ಫಿಲ್ ಹಾರ್ಟ್‌ಮನ್ 1998ರ ಮೇ ತಿಂಗಳಲ್ಲಿ ಪತ್ನಿಯ ಗುಂಡಿಗೆ ಬಲಿಯಾದರು.

ಹಾಗಾಗಿ ನ್ಯೂಸ್‌ರೇಡಿಯೋ ಕೊನೆಯ ಸೀಸನ್ನಿನ ಮೊದಲ ಕಂತು ಬೇರೆಲ್ಲೂ ಸಿಗದಂಥದ್ದು. ಕಥೆಯಲ್ಲಿ ಹಾರ್ಟ್‌ಮನ್‌ರ ಪಾತ್ರ ಬಿಲ್ ಮೆಕ್‌ನೀಲ್ ಹೃದಯಾಘಾತದಿಂದ ತೀರಿಕೊಂಡಿದ್ದಾನೆ. ಸಹೋದ್ಯೋಗಿಗಳಿಗೆ ಅವನು ಬರೆದಿಟ್ಟ ಪತ್ರಗಳನ್ನು ಓದುತ್ತಾರೆ. ಅದೇ ಅಹಂಕಾರ, ಅದೇ ಕುಚೇಷ್ಟೆ, ನಗು ಬರುತ್ತದೆ. ನಟರ ಕಣ್ಣು ನೋಡಿದರೆ ಮಾತ್ರ ಅದು ನಟನೆಯಲ್ಲ ಎಂದು ಗೊತ್ತಾಗಿ ಗಂಟಲು ಕಟ್ಟುತ್ತದೆ. ಆಮೇಲೆ ಹಾರ್ಟ್‌ಮನ್‌ರ ಹಳೆಯ ಗೆಳೆಯ ಜಾನ್ ಲೊವಿಟ್ಜ್ ಹೊಸ ಪಾತ್ರವಾಗಿ ಬರುತ್ತಾರೆ. ಪಾಪ, ಅವರು ಎಷ್ಟು ದುಡಿದರೂ ಬಿಲ್‌ನ ಗತ್ತಿನ ದನಿ ಇಲ್ಲದೆ ಜುಗಲ್‌ಬಂದಿ ಕೂಡಿಬರುವುದಿಲ್ಲ.

ದಿ ಆಫೀಸ್‌ನದು ಉಲ್ಟಾ. 8ನೇ ಸೀಸನ್ ಎಡವಿತು, 9ನೆಯದರ ಅರ್ಧ ಭಾಗವೂ ಎಳೆದಂತಿದೆ. ಜಿಮ್–ಪ್ಯಾಮ್ ದಂಪತಿಯ ನಡುವಿನ ಬಿರುಕು ದೊಡ್ಡದಾದ ಮೇಲೆ ಕಥೆ ಹಿಡಿತಕ್ಕೆ ಬರುತ್ತದೆ. 2013ರ ಮೇ ತಿಂಗಳ ಕೊನೆಯ ಕಂತಿನಲ್ಲಿ ಕರೆಲ್ ಒಂದೆರಡು ಮಾತಿಗಷ್ಟೇ ಬಂದರೂ ಮನಸ್ಸು ತುಂಬುತ್ತದೆ.

ಪೂರ್ತಿ ಸೀಸನ್ ನೋಡುವಷ್ಟು ಪುರುಸೊತ್ತಿದ್ದರೆ ದಿ ಆಫೀಸ್ ಹಿಡಿಯಿರಿ. ಒಂದೇ ಸಂಜೆ ಇದ್ದರೆ ನ್ಯೂಸ್‌ರೇಡಿಯೋದ ಆ ಮೊದಲ ಕಂತು. ಅದಕ್ಕೂ ಮುಂಚೆ ಬಿಲ್ ಇರುವ ನಾಲ್ಕಾರು ಹಳೆಯ ಕಂತುಗಳನ್ನು ತಪ್ಪದೆ ನೋಡಿ, ಇಲ್ಲದಿದ್ದರೆ ಆ ಪತ್ರಗಳು ನಾಟುವುದಿಲ್ಲ.