ಹೆತ್ತವರ ಎಚ್ಚರಿಕೆ, ಮಕ್ಕಳ ಜಾಣ್ಮೆ: ಜಾನಪದ ಕಥೆಗಳ ಒಂದು ಧ್ವನಿಸಂಗ್ರಹ

ಹೆತ್ತವರು ಹೇಳಿಕೊಟ್ಟ ಮಾತನ್ನು ನೆನಪಿಟ್ಟುಕೊಂಡು ಅಪಾಯದಿಂದ ಪಾರಾಗುವ ಕಥೆಗಳನ್ನಷ್ಟೇ ಆಯ್ದು ಮಕ್ಕಳಿಗಾಗಿ ಧ್ವನಿಮುದ್ರಿಸಿರುವ ಸಂಗ್ರಹವಿದು. ಎಚ್ಚರಿಕೆಯ ವಿವರವನ್ನು ಇದ್ದಂತೆಯೇ ಉಳಿಸಿಕೊಂಡಿರುವ ಕಡೆಗಳಲ್ಲಿ ಈ ಕಥೆಗಳು ಬಹಳ ಚೆನ್ನಾಗಿ ಮೂಡಿಬಂದಿವೆ; ಅದನ್ನು ‘ದೊಡ್ಡವರ ಮಾತು ಕೇಳಬೇಕು’ ಎಂಬ ಬರೀ ಉಪದೇಶಕ್ಕೆ ಇಳಿಸಿರುವ ಕಡೆಗಳಲ್ಲಿ ಸೊರಗಿವೆ.

ಸಂಗ್ರಹದ ಅತ್ಯುತ್ತಮ ಭಾಗವೆಂದರೆ, ಜರ್ಮನಿಯ ಕಥಾಸಂಗ್ರಾಹಕರಾದ ಗ್ರಿಮ್ ಸೋದರರು 1812ರಲ್ಲಿ ಪ್ರಕಟಿಸಿದ ತೋಳ ಮತ್ತು ಏಳು ಆಡಿನ ಮರಿಗಳ ಕಥೆ. ಕಾಡಿಗೆ ಹೊರಟ ತಾಯಿ ಆಡು ಮರಿಗಳಿಗೆ ‘ಹುಷಾರಾಗಿರಿ’ ಎಂದಷ್ಟೇ ಹೇಳಿ ಹೋಗುವುದಿಲ್ಲ. ತೋಳ ಯಾವ ವೇಷದಲ್ಲಿ ಬಂದರೂ ಅದರ ಒರಟು ದನಿಯಿಂದ ಮತ್ತು ಕಪ್ಪು ಕಾಲಿನಿಂದ ಗುರುತು ಹಿಡಿಯಬಹುದೆಂದು ಬಿಡಿಸಿ ಹೇಳುತ್ತದೆ. ಮರಿಗಳು ಎರಡು ಸಲ ಬಾಗಿಲು ತೆರೆಯದೆ ಉಳಿಯುವುದು ಈ ಗುರುತುಗಳ ಬಲದಿಂದಲೇ. ತೋಳವೂ ಅದೇ ಗುರುತುಗಳನ್ನು ಒಂದೊಂದಾಗಿ ಅಳಿಸಿಕೊಳ್ಳುತ್ತಾ, ಸೀಮೆಸುಣ್ಣ ತಿಂದು ದನಿಯನ್ನು ನಯಮಾಡಿಕೊಂಡು, ಕಾಲಿಗೆ ಹಿಟ್ಟು ಬಳಿಸಿಕೊಂಡು ಬಂದಾಗ ಅವು ಮೋಸಹೋಗುತ್ತವೆ. ಧ್ವನಿಮುದ್ರಣದಲ್ಲಿ ಕಥೆ ಓದಿದವರು ಇದನ್ನು ಚೆನ್ನಾಗಿ ಅರಿತಿದ್ದಾರೆ: ಮೊದಲು ಗೊಗ್ಗರಾಗಿ ಕೇಳಿಸುವ ದನಿ ಎರಡನೆಯ ಸಲಕ್ಕೆ ಬೆಣ್ಣೆಯಂತಾಗುತ್ತದೆ, ತೋಳ ಕಿಟಕಿಯ ಮೇಲೆ ಕಾಲಿಟ್ಟ ಕ್ಷಣದಲ್ಲಿ ಮಾತು ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೇಳುವ ಮಗು ತಾನೇ ಆ ಕಾಲನ್ನು ಪರೀಕ್ಷಿಸಲು ಈ ಮೌನ ಅವಕಾಶ ಕೊಡುತ್ತದೆ. ತಾಯಿ ಊಹಿಸದಿದ್ದ ಉಪಾಯವನ್ನು ತೋಳ ಹೂಡಿದ ಮೇಲೆ, ಗಡಿಯಾರದ ಪೆಟ್ಟಿಗೆಯೊಳಗೆ ಅಡಗಿ ಉಳಿದ ಕಿರಿಯ ಮರಿಯ ಸ್ವಂತ ಬುದ್ಧಿಯನ್ನೂ ಅವಸರಿಸದೆ ಹೇಳಿದ್ದಾರೆ.

ಕೆಂಪು ಟೋಪಿಯ ಹುಡುಗಿಯ ಕಥೆಯಲ್ಲಿ, ಸಾಮಾನ್ಯವಾಗಿ ಕೈಬಿಡಲಾಗುವ ಎರಡನೆಯ ಪ್ರಸಂಗವನ್ನು ಸೇರಿಸಿರುವುದು ನನಗೆ ತುಂಬಾ ಹಿಡಿಸಿತು. ಅಲ್ಲಿ ಹುಡುಗಿ ಇನ್ನೊಂದು ತೋಳ ಎದುರಾದರೂ ದಾರಿ ಬಿಟ್ಟು ಹೋಗದೆ ನೇರವಾಗಿ ಅಜ್ಜಿಯ ಮನೆ ಸೇರುತ್ತಾಳೆ; ಇಬ್ಬರೂ ಬಾಗಿಲು ಭದ್ರಪಡಿಸಿಕೊಳ್ಳುತ್ತಾರೆ. ದಾರಿ ಬಿಟ್ಟು ಹೋಗಬೇಡವೆಂಬ ತಾಯಿಯ ಮಾತು ಹುಡುಗಿಗೆ ನಿಜವಾಗಿ ಮನದಟ್ಟಾಗಿರುವುದು ಇಲ್ಲಿಯೇ ಕಾಣುತ್ತದೆ.

ಪಂಚತಂತ್ರದ ಐದನೆಯ ತಂತ್ರದಲ್ಲಿ ಬರುವ ಬ್ರಾಹ್ಮಣ ಯುವಕ ಮತ್ತು ಏಡಿಯ ಕಥೆಗೆ ಮಾತ್ರ ಅನ್ಯಾಯವಾಗಿದೆ. ಒಂಟಿಯಾಗಿ ಹೋಗಬೇಡವೆಂದು ತಾಯಿ ಮಗನ ಜೊತೆಗೆ ಏಡಿಯೊಂದನ್ನು ಕಳುಹಿಸುತ್ತಾಳೆ. ದಾರಿಯಲ್ಲಿ ಭಯವಿಲ್ಲವೆಂದು ನಂಬಿದ್ದ ಮಗ, ತಾಯಿಯ ಮಾತೆಂಬ ಗೌರವದಿಂದ ಅದನ್ನು ಕರ್ಪೂರದ ಪೊಟ್ಟಣದಲ್ಲಿಟ್ಟುಕೊಂಡು ಹೊರಡುತ್ತಾನೆ. ಅವನು ಮರದಡಿ ಮಲಗಿದ್ದಾಗ, ಕರ್ಪೂರದ ಆಸೆಗೆ ಪೊಟ್ಟಣಕ್ಕೆ ಬಾಯಿ ಹಾಕಿದ ಹಾವನ್ನು ಏಡಿ ಕೊಲ್ಲುತ್ತದೆ. ಈ ಸಂಗ್ರಹದಲ್ಲಿ ಕರ್ಪೂರವೇ ಇಲ್ಲವಾದ್ದರಿಂದ ಹಾವು ಚೀಲದ ಬಳಿಗೆ ಏಕೆ ಬಂತು ಎಂಬುದೇ ತಿಳಿಯುವುದಿಲ್ಲ. ಉಳಿದ ಸಮಯವನ್ನು ನಿರೂಪಕರ ನೀತಿಬೋಧೆ ತುಂಬಿದೆ.

ಧ್ವನಿಮುದ್ರಣ ಸ್ಪಷ್ಟವಾಗಿದೆ, ಹಿನ್ನೆಲೆ ಸಂಗೀತ ಮಾತನ್ನು ಮುಚ್ಚುವುದಿಲ್ಲ. ಮೊದಲೆರಡು ಕಥೆಗಳಿಗಾಗಿಯೇ ಈ ಸಂಗ್ರಹವನ್ನು ಧೈರ್ಯವಾಗಿ ಕೊಳ್ಳಬಹುದು. ಏಡಿಯ ಕಥೆಯನ್ನು ಮಾತ್ರ ಮನೆಯ ಹಿರಿಯರು ತಾವೇ ಕರ್ಪೂರ ಸಹಿತವಾಗಿ ಹೇಳುವುದು ಒಳ್ಳೆಯದು.