ವಿಚಾರಣಾಧೀನ ಕೈದಿಗೆ ಯಾವ ಜಾಮೀನು: 187(3)ರದ್ದೋ, 479ರದ್ದೋ?

ಎರಡೂ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) ಕಲಮುಗಳೇ. ಆರಿಸುವ ಮೊದಲು ರಿಮಾಂಡ್ (ನ್ಯಾಯಾಧೀಶರು ಕಸ್ಟಡಿಗೆ ಒಪ್ಪಿಸಿದ) ತಾರೀಖು ನೋಡಿ.

ದೋಷಾರೋಪ ಪಟ್ಟಿ ಇನ್ನೂ ಬಂದಿಲ್ಲವೇ? 187(3) ಹಿಡಿಯಿರಿ. ಪಟ್ಟಿ ಸಲ್ಲಿಸಲು ಪೊಲೀಸರಿಗಿರುವ ಗಡುವು ಮೊದಲ ರಿಮಾಂಡ್‌ನಿಂದ 60 ದಿನ, ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಿದ್ದರೆ 90. ಅದು ಮೀರಿದರೆ ಜಾಮೀನು ಹಕ್ಕಾಗುತ್ತದೆ, ಕೊಲೆ ಆರೋಪಕ್ಕೂ ಸಿಗುತ್ತದೆ. ಗಡುವು ಮುಗಿದ ಕೂಡಲೇ ಅರ್ಜಿ ಹಾಕಬೇಕು. ಅಷ್ಟರಲ್ಲಿ ಪಟ್ಟಿ ಸಲ್ಲಿಕೆಯಾದರೆ ಹಕ್ಕು ಹೋಯಿತು. ಹೆಚ್ಚಿನವರು ಎಡವುವುದು ಇಲ್ಲೇ.

ಪಟ್ಟಿ ಬಂದು ವಿಚಾರಣೆ ಎಳೆಯುತ್ತಿದ್ದರೆ 479. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದಿರಬೇಕು. ಹಿಂದೆ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಸಾಕು, ಅಂದರೆ 7 ವರ್ಷದ ಅಪರಾಧಕ್ಕೆ 2 ವರ್ಷ 4 ತಿಂಗಳು. ಅಂಥವರು ಸ್ವಂತ ಬಾಂಡ್ ಮೇಲೆಯೇ ಹೊರಬರಬಹುದು, ಶ್ಯೂರಿಟಿ ಹುಡುಕಬೇಕಿಲ್ಲ. ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಬರೆಯಬೇಕಾದವರು ಜೈಲು ಅಧೀಕ್ಷಕರು. ವಕೀಲರಿಲ್ಲದ ಬಡವರಿಗೆ ಇದೇ ದೊಡ್ಡ ಅನುಕೂಲ. ಮರಣದಂಡನೆ, ಜೀವಾವಧಿಯ ಆರೋಪವಿದ್ದರೆ, ಇಲ್ಲವೇ ಬೇರೆ ಕೇಸು ಬಾಕಿಯಿದ್ದರೆ ಈ ದಾರಿ ಮುಚ್ಚಿದೆ.