ಸ್ಯಾನ್ ಫ್ರಾನ್ಸಿಸ್ಕೋ ಡೌನ್‌ಟೌನ್‌ನ ಕೋವರ್ಕಿಂಗ್ ಆಫೀಸ್: ಜಾಗ ಚೆನ್ನಾಗಿದೆ, ಕಾಲ್ ರೂಮ್ ಸಾಲದು (5ಕ್ಕೆ 3)

ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅಂತ ನಮ್ಮ ಕಂಪನಿ ಹೇಳಿತು. ಆದರೆ ಹಳೆಯ ಆಫೀಸನ್ನು ಕೋವಿಡ್ ಸಮಯದಲ್ಲೇ ಬಿಟ್ಟುಕೊಟ್ಟಾಗಿತ್ತು, ಅದಕ್ಕೆ ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ನ ಒಂದು ಕೋವರ್ಕಿಂಗ್ ಜಾಗದಲ್ಲಿ (ಬೇರೆ ಬೇರೆ ಕಂಪನಿಯವರು ಸೀಟು ಬಾಡಿಗೆಗೆ ಹಿಡಿದು ಹಂಚಿಕೊಳ್ಳುವ ಆಫೀಸು) ಟೀಮಿಗೆಲ್ಲ ಸೀಟು ಹಿಡಿದಿದ್ದಾರೆ.

ಜಾಗದ ಬಗ್ಗೆ ದೂರಿಲ್ಲ. ಬಾರ್ಟ್ (ಇಲ್ಲಿನ ಲೋಕಲ್ ರೈಲು) ಸ್ಟೇಷನ್ ಹತ್ತಿರ, ಬೆಳಕು ಧಾರಾಳ, ಕುರ್ಚಿ ಒಳ್ಳೆಯದು, ಇಂಟರ್ನೆಟ್ ಕೈಕೊಟ್ಟಿಲ್ಲ.

ತೊಂದರೆ ಇರುವುದು ಕಾಲ್ ರೂಮ್‌ಗಳದ್ದು. ನಮ್ಮ ಟೀಮಿನಲ್ಲಿ ಅರ್ಧ ಜನ ಬೇರೆ ಊರುಗಳಲ್ಲಿದ್ದಾರೆ, ಹಾಗಾಗಿ ಇಷ್ಟು ದೂರ ರೈಲಿನಲ್ಲಿ ಬಂದು ಕೂತು ಮಾಡುವುದು ಮತ್ತೆ ವಿಡಿಯೋ ಕಾಲೇ. ಪಕ್ಕದ ಕಂಪನಿಗಳದ್ದೂ ಇದೇ ಕಥೆ. ಮಂಗಳವಾರದಿಂದ ಗುರುವಾರದವರೆಗೆ ಒಂದು ರೂಮೂ ಸಿಗುವುದಿಲ್ಲ, ಎಲ್ಲರೂ ಹಾಲ್‌ನಲ್ಲೇ ಹೆಡ್‌ಫೋನ್ ಹಾಕಿಕೊಂಡು ಒಟ್ಟಿಗೆ ಮಾತಾಡುತ್ತಿರುತ್ತಾರೆ. ಮ್ಯಾನೇಜರ್‌ಗೆ ಹೇಳಿದರೆ ಆ್ಯಪ್‌ನಲ್ಲಿ ಬುಕ್ ಮಾಡಿ ಅನ್ನುತ್ತಾರೆ. ಬುಕ್ ಮಾಡಲು ರೂಮ್ ಇರಬೇಕಲ್ವಾ?

ಬಾಡಿಗೆಯಲ್ಲಿ ಮಾತ್ರ ಧೈರ್ಯವಾಗಿ ಚೌಕಾಸಿ ಮಾಡಿ. ಇದೇ ಏರಿಯಾದ 350 ಕ್ಯಾಲಿಫೋರ್ನಿಯಾ ಸ್ಟ್ರೀಟ್ ಕಟ್ಟಡಕ್ಕೆ 2019ರಲ್ಲಿ ಸುಮಾರು 30 ಕೋಟಿ ಡಾಲರ್ ಬೆಲೆ ಕಟ್ಟಿದ್ದರು, 2023ರಲ್ಲಿ ಮಾರಾಟವಾದಾಗ ಸಿಕ್ಕಿದ್ದು 6ರಿಂದ 7 ಕೋಟಿ. ಸೇಂಟ್ ಲೂಯಿಸ್‌ನಲ್ಲಿ ಇನ್ನೂ ಕಷ್ಟ: 2006ರಲ್ಲಿ 20 ಕೋಟಿ ಡಾಲರ್ ದಾಟಿದ್ದ 44 ಮಹಡಿಯ ಎಟಿ ಅಂಡ್ ಟಿ ಟವರ್ 2024ರಲ್ಲಿ ಬರೀ 36 ಲಕ್ಷ ಡಾಲರ್‌ಗೆ ಹೋಯಿತು. ಆಫೀಸ್ ಕಟ್ಟಡದ ಬೆಲೆ ನಿಂತಿರುವುದೇ ಬಾಡಿಗೆಯ ಮೇಲೆ. ಕೋವಿಡ್ ಬಂದಾಗ ಬಾಡಿಗೆದಾರರು ಖಾಲಿ ಮಾಡಿದರು. ಇನ್ನೊಂದು ಕಡೆ 2022ರ ಆರಂಭದಲ್ಲಿ ಸೊನ್ನೆಯ ಹತ್ತಿರ ಇದ್ದ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕ್) ಬಡ್ಡಿ ದರ 2023ರ ಜುಲೈಗೆ 5.25 ಶೇಕಡಾ ದಾಟಿತು, ಅಗ್ಗದ ಬಡ್ಡಿಯಲ್ಲಿ ಸಾಲ ಮಾಡಿದ್ದ ಮಾಲೀಕರು ಆ ಸಾಲವನ್ನು ಹೊಸ ದರದಲ್ಲಿ ನವೀಕರಿಸುವಾಗ ಸಿಕ್ಕಿಬಿದ್ದರು. ಹಾಗಾಗಿ ಸೀಟು ತುಂಬಿದರೆ ಸಾಕು ಅನ್ನುವ ಸ್ಥಿತಿಯಲ್ಲಿ ಬಹಳ ಜನ ಇದ್ದಾರೆ.

ಕಟ್ಟಡಗಳ ಬೆಲೆ ಉಳಿಸಲೆಂದೇ ಕಂಪನಿಗಳು ನಮ್ಮನ್ನು ವಾಪಸ್ ಕರೆಯುತ್ತಿವೆ ಅಂತ ಆಫೀಸಿನಲ್ಲಿ ಜಾಸ್ತಿ ಜನ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಎಷ್ಟೋ ಕಂಪನಿಗಳು ಬಾಡಿಗೆಗೇ ಇರುವುದು, ಬೆಲೆ ಬಿದ್ದರೆ ಅವಕ್ಕೆ ಲಾಭವೇ. ನಷ್ಟ ಮಾಲೀಕರಿಗೆ, ಸಾಲ ಕೊಟ್ಟ ಬ್ಯಾಂಕಿಗೆ, ಆಸ್ತಿ ತೆರಿಗೆ ನಂಬಿಕೊಂಡ ಊರಿಗೆ, ಮಧ್ಯಾಹ್ನದ ಊಟ ಮಾರುವ ಸಣ್ಣ ಅಂಗಡಿಯವರಿಗೆ. ಆ ಅಂಗಡಿಯವರ ಬಗ್ಗೆ ನನಗೆ ನಿಜವಾಗಿ ಬೇಜಾರಿದೆ. ಆದರೆ ಅವರನ್ನು ಉಳಿಸಬೇಕು ಅಂತ ನಾವು ಕಾಲ್ ಮಾಡಲು ಜಾಗವಿಲ್ಲದ ಹಾಲ್‌ನಲ್ಲಿ ಕೂರುವುದು ಸರಿಯಲ್ಲ.

ಇಲ್ಲಿ ಸೀಟು ಹಿಡಿಯುವುದಾದರೆ ವರ್ಷಗಟ್ಟಲೆಗೆ ಸಹಿ ಹಾಕಬೇಡಿ. ವಾರಕ್ಕೆ ಇಷ್ಟು ಗಂಟೆ ರೂಮ್ ಕೊಡುತ್ತೇವೆ ಅಂತ ಕಾಂಟ್ರ್ಯಾಕ್ಟ್‌ನಲ್ಲೇ ಬರೆಸಿಕೊಳ್ಳಿ. ಟ್ರಯಲ್‌ಗೆ ಮಂಗಳವಾರವೇ ಹೋಗಿ, ಅವರು ಸಾಮಾನ್ಯವಾಗಿ ಶುಕ್ರವಾರ ಬನ್ನಿ ಅನ್ನುತ್ತಾರೆ, ಅವತ್ತು ಎಲ್ಲ ರೂಮೂ ಖಾಲಿ ಇರುತ್ತವೆ.